ಸ್ವರ ಸಮಾಧಾನ: ಹಾಡಿಗೆ ಮೂರು ನಿಮಿಷ ಕಾಯಬೇಕೇ?

ಪ್ರಶ್ನೆ: ಮಾನ್ವಿಯಿಂದ ರಾಯಚೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವಾಗ ಇಯರ್‌ಫೋನಿನಲ್ಲಿ ಇಂಗ್ಲಿಷ್ ಆಲ್ಬಮ್‌ಗಳನ್ನು ಕೇಳುತ್ತೇನೆ. 2024ರಲ್ಲಿ ಬಂದ ಎರಡರ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕು. ದಿ ಕ್ಯೂರ್ ಎಂಬ ಇಂಗ್ಲೆಂಡಿನ ರಾಕ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ನ ಮೊದಲ ಹಾಡಿನಲ್ಲಿ ಗಾಯಕ ಬಾಯಿ ತೆರೆಯುವಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತದೆ, ಬೇಸರವಾಗಿ ಮುಂದಕ್ಕೆ ಓಡಿಸಿದೆ. ಅಮೆರಿಕದ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರ ‘ಜಿಎನ್‌ಎಕ್ಸ್’ ಹಿಡಿಸಿತು, ಆದರೆ ಮಾತು ಅರ್ಧವೂ ತಿಳಿಯಲಿಲ್ಲ. ನಾನು ಕೇಳುವ ಕ್ರಮದಲ್ಲಿಯೇ ತಪ್ಪಿದೆಯೇ?
— ಓದುಗರೊಬ್ಬರು, ಮಾನ್ವಿ

ಉತ್ತರ: ತಪ್ಪಿನಲ್ಲಿ ಅರ್ಧ ಪಾಲು ಬಸ್ಸಿನದು. ಎಂಜಿನ್ನಿನ ಗುಡುಗುಡು ಸದ್ದು ಬೇಸ್ ಗಿಟಾರಿನ ತಗ್ಗು ಸ್ವರಗಳನ್ನು ನುಂಗಿಬಿಡುತ್ತದೆ, ಕ್ಯೂರ್ ತಂಡದ ಸಂಗೀತವೋ ಬಹುಪಾಲು ಆ ಸ್ವರಗಳನ್ನೇ ನೆಚ್ಚಿಕೊಂಡಿದೆ. ಹೀಗಾಗಿ ತಾವು ಬಸ್ಸಿನಲ್ಲಿ ಕೇಳಿದ್ದು ತಳಪಾಯವಿಲ್ಲದ ಮೂರು ನಿಮಿಷ. ರಾತ್ರಿ ಮನೆಯಲ್ಲಿ ಫ್ಯಾನ್ ಆರಿಸಿ (ಬೇಸಿಗೆಯ ರಾಯಚೂರಿನಲ್ಲಿ ಇದು ಕಠಿಣ ಸಲಹೆಯೆಂದು ಬಲ್ಲೆ) ಇನ್ನೊಮ್ಮೆ ಕೇಳಿರಿ. ನಮ್ಮ ದೊಡ್ಡಾಟದಲ್ಲಿ ಪರದೆಯ ಹಿಂದೆ ವೇಷ ನಿಂತಿದೆಯೆಂದು ತಿಳಿದಿದ್ದರೂ ಮದ್ದಳೆ ಮುಗಿಯಲೆಂದು ಯಾರೂ ಗೊಣಗುವುದಿಲ್ಲ, ಏಕೆಂದರೆ ಬರುವವನು ಎಂಥವನೆಂಬುದನ್ನು ಆ ಮದ್ದಳೆಯೇ ಅದಾಗಲೇ ಹೇಳುತ್ತಿರುತ್ತದೆ. ಇಲ್ಲಿಯೂ ವಾದ್ಯಗಳು ಮಾಡುವುದು ಆ ಕೆಲಸವನ್ನೇ.

2008ರ ನಂತರ, ಹದಿನಾರು ವರ್ಷ ಬಿಟ್ಟು ಬಂದ ಆಲ್ಬಮ್ ಇದು. ಎಂಟೇ ಹಾಡುಗಳು, ಸುಮಾರು 49 ನಿಮಿಷ. ಎಲ್ಲವನ್ನೂ ಬರೆದ, ತಂಡದ ಗಾಯಕ ರಾಬರ್ಟ್ ಸ್ಮಿತ್ ತಂದೆ, ತಾಯಿ ಮತ್ತು ಅಣ್ಣನನ್ನು ಕಳೆದುಕೊಂಡವರು. ಒಂದು ಹಾಡಂತೂ ನೇರವಾಗಿ ಅಣ್ಣನ ಸಾವಿನ ಕುರಿತಾದದ್ದು. ಹತ್ತು ನಿಮಿಷ ಮೀರುವ ಕೊನೆಯ ಹಾಡಿನಲ್ಲಿ ದನಿ ಕೇಳಿಸುವುದು ಆರು ನಿಮಿಷ ಕಳೆದ ಮೇಲೆ, ಮತ್ತು ಅಷ್ಟು ಕಾದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಮಧ್ಯದ ಒಂದೆರಡು ಹಾಡುಗಳಲ್ಲಿ ಡ್ರಮ್ಸ್ ಅಬ್ಬರ ಅತಿಯಾಯಿತೆಂಬ ಆಕ್ಷೇಪವನ್ನು ಮಾತ್ರ ಬಿಡಲಾರೆ.

‘ಜಿಎನ್‌ಎಕ್ಸ್’ ವಿಷಯಕ್ಕೆ ಬಂದರೆ, ಮಾತು ತಿಳಿಯಲಿಲ್ಲವೆಂದು ಸಂಕೋಚಪಡಬೇಡಿ. ಅದು ಲಾಸ್ ಏಂಜಲೀಸಿನ ಓಣಿಗಳ ಆಡುಮಾತು. ಇಂಗ್ಲಿಷ್ ಪಾಠ ಹೇಳುವವರೂ ಅಲ್ಲಿ ತಡವರಿಸುತ್ತಾರೆ. ಮುನ್ಸೂಚನೆಯೇ ಇಲ್ಲದೆ ನವೆಂಬರ್ 22ರಂದು ಬಿಡುಗಡೆಯಾದ ಈ ಹನ್ನೆರಡು ಹಾಡುಗಳ ಆಲ್ಬಮ್ಮಿಗೆ ಇರುವುದು, ಲಮಾರ್ ಹುಟ್ಟಿದ 1987ರಲ್ಲಿಯೇ ತಯಾರಾದ ಬ್ಯೂಕ್ ಕಂಪನಿಯ ಕಾರೊಂದರ ಹೆಸರು. ಆರಂಭದಲ್ಲಿ ಸ್ಪ್ಯಾನಿಷಿನಲ್ಲಿ ಹಾಡುವ ಡೇರಾ ಬರೇರಾ ಅವರ ದನಿಯನ್ನು ಗಮನಿಸಿರಿ. ಅದರ ಅಳಲಿನ ಬೆನ್ನಿಗೇ ಬೀಟ್ ಬಂದು ಬಡಿಯುವ ಕ್ಷಣಕ್ಕೆ ಅರ್ಥಕೋಶ ಬೇಕಿಲ್ಲ. ಆದರೂ ಇದು ಇವರ ಶ್ರೇಷ್ಠ ಕೃತಿಯೆಂದು ನಾನು ಒಪ್ಪುವುದಿಲ್ಲ. ಮತ್ತೊಬ್ಬ ರ‍್ಯಾಪ್ ಗಾಯಕ ಡ್ರೇಕ್ ಜತೆಗಿನ ಜಗಳ ಗೆದ್ದವನ ಬೀಗು ಇಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿದೆ. 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ತಂದುಕೊಟ್ಟ ‘ಡ್ಯಾಮ್’ನಲ್ಲಿ ಅದೇ ಕವಿ ತನ್ನನ್ನೇ ಅನುಮಾನಿಸಿಕೊಳ್ಳುತ್ತಿದ್ದ, ಅದಕ್ಕೂ ಹಿಂದೆ, 2015ರ ‘ಟು ಪಿಂಪ್ ಎ ಬಟರ್‌ಫ್ಲೈ’ನಲ್ಲಿ ಜಾಝ್ ವಾದಕರನ್ನು ಜತೆಗಿಟ್ಟುಕೊಂಡು ಒಂದು ಸಮುದಾಯದ ಅವಮಾನವನ್ನೇ ಹಾಡಾಗಿಸಿದ್ದ.

ಬಸ್ಸಿಗೆ ‘ಜಿಎನ್‌ಎಕ್ಸ್’ ಇರಲಿ, 44 ನಿಮಿಷದಲ್ಲಿ ಮುಗಿಯುತ್ತದೆ. ಫೋನಿನಲ್ಲಿ ಹಾಡುಗಳನ್ನು ಕಲಸುವ ಷಫಲ್ ಗುಂಡಿಯನ್ನು ಮಾತ್ರ ಎರಡಕ್ಕೂ ಆರಿಸಿಬಿಡಿ.