ಕೆಲಸ ಹೋಗಿದ್ದರೂ ಫಾಫ್ಸಾದಲ್ಲಿ ಹಳೇ ಸಂಬಳವೇ ಲೆಕ್ಕಕ್ಕೆ ಬರುತ್ತಿದ್ದರೆ

ಯಜಮಾನರ ಕೆಲಸ ಹೋದರೂ ಅಮೆರಿಕದ ಕಾಲೇಜಿಗೆ ಸೇರುವ ಮಗಳಿಗೆ ಪೆಲ್ ಗ್ರಾಂಟ್ (ಕಡಿಮೆ ಆದಾಯದವರ ಮಕ್ಕಳಿಗೆ ಅಲ್ಲಿನ ಸರ್ಕಾರ ಕೊಡುವ, ತೀರಿಸಬೇಕಿಲ್ಲದ ನೆರವು) ಯಾಕೆ ಸಿಗಲಿಲ್ಲ ಎಂದು ಕೇಳಿದ್ದೀರಿ. ಕಾರಣ ಬಹುಶಃ ನಿಮ್ಮ 2023ರ ಆದಾಯ. 2025-26ರ ಫಾಫ್ಸಾ, ಅಂದರೆ ಆ ನೆರವಿನ ಅರ್ಜಿ, ನೋಡುವುದು ಆ ವರ್ಷದ ತೆರಿಗೆ ಲೆಕ್ಕವನ್ನೇ. ನಿಮ್ಮ ಯಜಮಾನರ ಕೆಲಸ ಈಚೆಗೆ ಹೋಗಿದ್ದು ಅದಕ್ಕೆ ಗೊತ್ತಿಲ್ಲ.

ಅರ್ಜಿಯಲ್ಲಿ ಆ ಅಂಕಿ ತಿದ್ದಲು ಹೋಗಬೇಡಿ. ಮೊದಲು ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಬರೆಯಿರಿ. ‘ಪ್ರೊಫೆಷನಲ್ ಜಡ್ಜ್‌ಮೆಂಟ್’ (ಬದಲಾದ ಪರಿಸ್ಥಿತಿ ನೋಡಿ ಕಾಲೇಜೇ ಲೆಕ್ಕ ಸರಿಪಡಿಸುವುದು) ಬೇಕು ಅಂತ ಅದೇ ಪದ ಬಳಸಿ ಕೇಳಿ, ಇಲ್ಲದಿದ್ದರೆ ಮಾಮೂಲಿ ಉತ್ತರ ಕಳಿಸಿ ಸುಮ್ಮನಾಗುತ್ತಾರೆ (ನಮಗೆ ಹಾಗೇ ಆಗಿತ್ತು). ಕೆಲಸದಿಂದ ತೆಗೆದ ಪತ್ರ, ಕೊನೆಯ ಪೇ ಸ್ಲಿಪ್, ನಿರುದ್ಯೋಗ ಭತ್ಯೆಯ ಕಾಗದ, ಈ ವರ್ಷದ ಅಂದಾಜು ಆದಾಯ ಲಗತ್ತಿಸಿ. ಒಪ್ಪುತ್ತಾರೋ ಇಲ್ಲವೋ ಹೇಳಲಾರೆ, ಕಾಲೇಜಿಂದ ಕಾಲೇಜಿಗೆ ಬೇರೆ. ಅವರದೇ ಕೊನೆಯ ಮಾತು, ಶಿಕ್ಷಣ ಇಲಾಖೆಗೆ ಮೇಲ್ಮನವಿ ಇಲ್ಲ.

ಪೆಲ್ ಮೊತ್ತದ ಬಗ್ಗೆ ಎಚ್-1ಬಿ (ಕೆಲಸದ ವೀಸಾ) ಇರುವವರು ಕಾಂಗ್ರೆಸ್ ಸದಸ್ಯರಿಗೆ, ಅಂದರೆ ಅಮೆರಿಕದ ಸಂಸತ್ತಿನಲ್ಲಿ ತಮ್ಮ ಕ್ಷೇತ್ರದ ಪ್ರತಿನಿಧಿಗೆ, ಬರೆಯಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ, ಅವರು ನೋಡುವುದು ನಿಮ್ಮ ವಿಳಾಸ ಅವರ ಕ್ಷೇತ್ರದ್ದೋ ಅಂತ. ಆದರೆ ಮಗಳೇ ಬರೆದರೆ ಒಳ್ಳೆಯದು, ಅವಳು ಅಮೆರಿಕದ ಪ್ರಜೆ, ಹದಿನೆಂಟು ತುಂಬಿದೆ, ಓಟು ಅವಳದು. ಸಿದ್ಧ ಪತ್ರ ನಕಲು ಮಾಡಬೇಡಿ. 2025-26ಕ್ಕೆ ಗರಿಷ್ಠ ಪೆಲ್ 7,395 ಡಾಲರ್, ನಮಗೆ ಫೀಸಿಗೆ ಇಷ್ಟು ಕಮ್ಮಿ ಬೀಳುತ್ತಿದೆ ಅಂತ ಬರೆದು, ಶಿಕ್ಷಣದ ಅನುದಾನ ಮಸೂದೆಯಲ್ಲಿ ಪೆಲ್ ಮೊತ್ತ ಇಳಿಸಬೇಡಿ ಎಂಬ ಒಂದೇ ಬೇಡಿಕೆ ಇಡಲಿ. ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಿಗೂ (ಮೇಲ್ಮನೆ ಸದಸ್ಯರು) ಅದನ್ನೇ ಕಳಿಸಿ.