ಹುಳಿ ಬಿಯರು ಅಂದರೆ ಕೆಟ್ಟ ಬಿಯರಲ್ಲ

ಹೋದ ತಿಂಗಳು ಇದೇ ಅಂಕಣದಲ್ಲಿ ಬ್ರಸೆಲ್ಸಿನ ಕಾಂತಿಯೋಂ ಬ್ರೂವರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನನಗೆ ತುಂಬ ಇಷ್ಟವಾದ ಜಾಗ ಅದು, ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಬಿಡ್ತೀನಿ.

ಮಗ ಬ್ರಸೆಲ್ಸಿನಿಂದ ಬರುವಾಗ ಕಾಂತಿಯೋಂನವರ ಗ್ಯೂಜ್ ಅಂತ ಒಂದು ಬಾಟಲಿ ತಂದಿದ್ದ. ಒಂದು ಗುಟುಕು ಕುಡಿದೆ, ಮೈ ಜುಮ್ ಅನ್ನುವಷ್ಟು ಹುಳಿ! ದಾರಿಯಲ್ಲಿ ಕೆಟ್ಟಿರಬೇಕು ಅಂತ ಸಿಂಕಿಗೆ ಸುರಿದುಬಿಟ್ಟೆ. ತಪ್ಪು ಮಾಡಿದೆನಾ? – ಶಿವಮೊಗ್ಗದ ಓದುಗರು

ಕೆಟ್ಟಿರಲಿಲ್ಲ, ಅದರ ರುಚಿಯೇ ಹಾಗೆ. ನೀವು ಸಿಂಕಿಗೆ ಸುರಿದದ್ದು ಮೂರು ವರ್ಷದ ಕೆಲಸ. ನಿಮ್ಮನ್ನು ನೋಯಿಸೋಕೆ ಹೇಳ್ತಿಲ್ಲ, ಅದು ಹೇಗೆ ಆಗುತ್ತೆ ಅಂತ ಗೊತ್ತಾದರೆ ಮುಂದಿನ ಸಲ ಎರಡನೇ ಗುಟುಕನ್ನೂ ಕುಡೀತೀರಿ ಅಂತ.

ನಾವು ಅಂಗಡಿಯಲ್ಲಿ ನೋಡುವ ಬಿಯರಿಗೆ ಲ್ಯಾಬಿನಲ್ಲಿ ಬೆಳೆಸಿದ ಯೀಸ್ಟ್ ಹಾಕ್ತಾರೆ. ಕೆಲವು ವಾರದಲ್ಲಿ ಬಿಯರು ತಯಾರು. ಕಾಂತಿಯೋಂನಲ್ಲಿ ಯೀಸ್ಟ್ ಹಾಕೋದೇ ಇಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ 65 ಪಾಲು, ಹಸಿ ಗೋಧಿ 35 ಪಾಲು ಸೇರಿಸಿ, ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ತೆಗೀತಾರೆ. ಸುಮಾರು 10,000 ಲೀಟರ್ ರಸ ಗಂಟೆಗಟ್ಟಲೆ ಕುದ್ದು 7,500 ಲೀಟರಿಗೆ ಇಳಿಯುತ್ತೆ. ಅದಕ್ಕೆ ಹಾಕುವ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಒಣಗಿದ ಹೂವು, ಕೂಡ ಹಳೇದು, ಎರಡು ಮೂರು ವರ್ಷ ಇಟ್ಟಿದ್ದು. ಹಳೇದಾದರೆ ಹಾಪ್ಸಿನ ಕಹಿ ಕಡಿಮೆಯಾಗುತ್ತೆ, ಆದರೆ ಬೇಡದ ಬ್ಯಾಕ್ಟೀರಿಯಾ ತಡೆಯುವ ಗುಣ ಉಳಿಯುತ್ತೆ. ಅವರಿಗೆ ಬೇಕಾಗಿರೋದು ಅದೊಂದೇ.

ಆಮೇಲೆ ಆ ಬಿಸಿ ರಸವನ್ನು ಅಟ್ಟಕ್ಕೆ ಏರಿಸ್ತಾರೆ. ಅಲ್ಲಿ ಒಂದು ತಾಮ್ರದ ತೊಟ್ಟಿ ಇದೆ. ಅಗಲ ಜಾಸ್ತಿ, ಆಳ ಇಲ್ಲವೇ ಇಲ್ಲ ಅನ್ನಬಹುದು. ಆಲೆಮನೆಯ ಕೊಪ್ಪರಿಗೆಯನ್ನು ಒತ್ತಿ ಚಪ್ಪಟೆ ಮಾಡಿ, ಒಂದು ಕೋಣೆಯಷ್ಟು ಹಿಗ್ಗಿಸಿದರೆ ಹೇಗಿರುತ್ತೋ ಹಾಗೆ. ರಾತ್ರಿಯಿಡೀ ರಸ ಅಲ್ಲೇ ಆರುತ್ತೆ. ಹೊರಗಿನ ತಣ್ಣನೆ ಗಾಳಿ ಒಳಗೆ ಬಂದು ಹೋಗ್ತಾ ಇರುತ್ತೆ, ಗಾಳಿಯಲ್ಲಿರುವ ಯೀಸ್ಟು, ಬ್ಯಾಕ್ಟೀರಿಯಾ ಎಲ್ಲ ರಸಕ್ಕೆ ಬೀಳ್ತವೆ. ಬೆಳಿಗ್ಗೆ ಅದನ್ನು ಮರದ ಪೀಪಾಯಿಗಳಿಗೆ ತುಂಬ್ತಾರೆ. ಕೆಲವು ದಿನ ಬಿಟ್ಟು ಪೀಪಾಯಿಯ ಬಾಯಿಂದ ನೊರೆ ಉಕ್ಕಿ ಬರುತ್ತೆ, ಆ ಆರ್ಭಟ ಇಳಿಯುವವರೆಗೆ ಬಾಯಿ ಮುಚ್ಚೋದಿಲ್ಲ. ಮೊದಲು ಮಾಮೂಲಿ ಯೀಸ್ಟು ಸಕ್ಕರೆ ತಿನ್ನುತ್ತೆ, ಆಮೇಲೆ ಹುಳಿ ಮಾಡುವ ಬ್ಯಾಕ್ಟೀರಿಯಾದ ಸರದಿ, ಕೊನೆಗೆ ಬ್ರೆಟಾನೊಮೈಸಿಸ್ ಅನ್ನುವ ನಿಧಾನದ ಯೀಸ್ಟು. ಹಳೇ ಮರ, ಒದ್ದೆ ಹುಲ್ಲಿನಂಥ ಆ ವಾಸನೆ ಕೊಡೋದು ಇದೇ.

ಹೀಗೆ ಆದ ಬಿಯರಿಗೆ ಲ್ಯಾಂಬಿಕ್ ಅಂತ ಹೆಸರು. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಗೆ ತುಂಬಿದರೆ ಗ್ಯೂಜ್. ಎಳೇದರಲ್ಲಿ ಇನ್ನೂ ಸ್ವಲ್ಪ ಸಕ್ಕರೆ ಉಳಿದಿರುತ್ತೆ, ಅದು ಬಾಟಲಿಯೊಳಗೇ ಹುದುಗಿ ಗ್ಯಾಸ್ ಹುಟ್ಟುತ್ತೆ. ಹಳೇದು ರುಚಿ ಕೊಡುತ್ತೆ. ಯಾವ ಪೀಪಾಯಿಯದು ಎಷ್ಟು ಅನ್ನೋದನ್ನು ರುಚಿ ನೋಡಿಯೇ ತೀರ್ಮಾನಿಸಬೇಕು, ಅದಕ್ಕೆ ಮಿಷನ್ ಇಲ್ಲ.

ಹಾಗಾದರೆ ಇದು ನಮ್ಮ ಇಡ್ಲಿ ಹಿಟ್ಟಿನ ಹಾಗೇ ಅಲ್ವಾ? ಅದಕ್ಕೂ ನಾವು ಯೀಸ್ಟ್ ಹಾಕಲ್ಲ. – ಹಾಸನ

ಸಂಬಂಧ ಇದೆ. ಇಡ್ಲಿ ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ ಮುಖ್ಯವಾಗಿ ಉದ್ದಿನಬೇಳೆಯ ಜೊತೆಗೇ ಬರುತ್ತೆ, ಗಾಳಿಯಿಂದಲ್ಲ. ಕಾಂತಿಯೋಂನಲ್ಲೂ ಗಾಳಿಯೊಂದೇ ಅಲ್ಲ, ವರ್ಷಗಟ್ಟಲೆ ಬಳಸಿದ ಪೀಪಾಯಿಯ ಮರದೊಳಗೂ ಅವು ಮನೆ ಮಾಡಿಕೊಂಡಿರ್ತವೆ. ದೊಡ್ಡ ವ್ಯತ್ಯಾಸ ಚಳಿಯದ್ದು. ನಾವು ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸ್ತೀವಿ, ಅವರಿಗೆ ಚಳಿಯೇ ಬೇಕು. ಇದಕ್ಕಿಂತ ನಮ್ಮ ಸೇಂದಿ ಇನ್ನೂ ಹತ್ತಿರ. ಮರದಿಂದ ಇಳಿಸುವ ಹೊತ್ತಿಗೇ ಅದು ತಾನಾಗಿ ಹುದುಗೋಕೆ ಶುರುವಾಗಿರುತ್ತೆ.

ಹಣ್ಣು ಹಾಕಿದ್ದು ಸಿಹಿ ಇರುತ್ತಾ? – ಧಾರವಾಡ

ಇರಲ್ಲ. ಕ್ರೀಕ್ ಅನ್ನೋದಕ್ಕೆ ಲೀಟರಿಗೆ ಸುಮಾರು 200 ಗ್ರಾಂ ಹುಳಿ ಚೆರ್ರಿ ಬೀಳುತ್ತೆ, ಬೀಜ ಸಮೇತ. ಹಣ್ಣಿನ ಸಕ್ಕರೆಯನ್ನು ಯೀಸ್ಟು ಪೂರ್ತಿ ತಿಂದುಬಿಡುತ್ತೆ. ಬಣ್ಣ, ವಾಸನೆ, ಬೀಜದಿಂದ ಬಂದ ಬಾದಾಮಿಯಂಥ ಒಂದು ಎಳೆ ಇಷ್ಟೇ ಉಳಿಯೋದು. ರೋಸೆ ದ ಗಾಂಬ್ರಿನಸ್‌ಗೆ ರಾಸ್ಪ್‌ಬೆರ್ರಿ, ಫೂಫೂನ್‌ಗೆ ಏಪ್ರಿಕಾಟ್. ನನಗೆ ಇವೆಲ್ಲಕ್ಕಿಂತ ಬರೀ ಗ್ಯೂಜೇ ಇಷ್ಟ. ಬೇರೆ ಕೆಲವರು ಲ್ಯಾಂಬಿಕ್‌ಗೆ ಸಕ್ಕರೆ ಸೇರಿಸಿ ಮಾರ್ತಾರೆ, ಅದು ಸುಲಭವಾಗಿ ಖರ್ಚಾಗುತ್ತೆ. ಇವರು ಒಪ್ಪಲಿಲ್ಲ, ಆ ಹಟಕ್ಕೇ ನನಗೆ ಇವರ ಮೇಲೆ ಗೌರವ.

ಒಳಗೆಲ್ಲ ಜೇಡರ ಬಲೆ ಅಂತೆ, ನಿಜಾನಾ? ಊಟ ತಿಂಡಿ ಮಾಡುವ ಜಾಗ ಹಾಗಿರಬಹುದಾ? – ಮಂಗಳೂರು

ನಿಜ, ನಾನೇ ನೋಡಿದ್ದೀನಿ. ತೆಗೆಯೋದಿಲ್ಲ ಅವರು. ಹಣ್ಣು, ಪೀಪಾಯಿ ಇದ್ದ ಕಡೆ ಸಣ್ಣ ನೊಣ ಮುತ್ತುತ್ತೆ, ಜೇಡ ಅದನ್ನು ತಿನ್ನುತ್ತೆ. ಔಷಧಿ ಹೊಡೆದರೆ ನೊಣದ ಜೊತೆ ಬೇಕಾದದ್ದೂ ಸಾಯಬಹುದು. ಪಾತ್ರೆ, ಬಾಟಲಿಗಳನ್ನಂತೂ ಚೊಕ್ಕವಾಗಿ ತೊಳೀತಾರೆ. 1978ರಿಂದ ಅದು ಮ್ಯೂಸಿಯಂ ಕೂಡ ಹೌದು, ಬ್ರಸೆಲ್ಸಿನ ಮಿಡಿ ರೈಲ್ವೆ ನಿಲ್ದಾಣದಿಂದ ನಡೆದೇ ಹೋಗಬಹುದು.

ಒಂದು ಬಾಟಲಿ ಉಳಿದಿದೆ, ಎಷ್ಟು ದಿನ ಇಡಬಹುದು? – ಬೆಂಗಳೂರು

ಗ್ಯೂಜ್ ಆದರೆ ತಂಪು ನೆಲಮಾಳಿಗೆಯಲ್ಲಿ 20 ವರ್ಷವೂ ಇಡಬಹುದು. ನಮ್ಮ ಮನೆಗಳಲ್ಲಿ ಅಂಥ ಜಾಗ ಇಲ್ಲವಲ್ಲ, ಬಿಸಿಲು ಬೀಳದ ತಣ್ಣನೆ ಮೂಲೆಯಲ್ಲಿಟ್ಟು ಬೇಗ ಮುಗಿಸಿ. ಐಸಿನ ಹಾಗೆ ತಣ್ಣಗೆ ಮಾಡಬೇಡಿ, ರುಚಿ ಗೊತ್ತಾಗಲ್ಲ.

ಬೆಂಗಳೂರಿನಲ್ಲಿ ಇಷ್ಟೊಂದು ಬ್ರೂಪಬ್‌ಗಳಿವೆ, ಯಾರಾದರೂ ಹೀಗೆ ಯಾಕೆ ಮಾಡಬಾರದು? – ಮೈಸೂರು

ಮೊದಲನೆಯದು ಜಾಗ, ದುಡ್ಡು. ಇವತ್ತು ಕುದಿಸಿದ್ದು ಮೂರು ವರ್ಷ ಪೀಪಾಯಿಯಲ್ಲಿ ಕೂತರೆ ಬಾಡಿಗೆ ಕಟ್ಟೋದು ಹೇಗೆ? ಎರಡನೆಯದು ಚಳಿ. ರಸ ಆರುವ ರಾತ್ರಿ ಹೊರಗೆ ಮೈನಸ್ 3ರಿಂದ ಪ್ಲಸ್ 8 ಡಿಗ್ರಿಯೊಳಗೆ ಇರಬೇಕು. ಸೆಖೆ ಇದ್ದರೆ ಬೇಡದ ಬ್ಯಾಕ್ಟೀರಿಯಾ ಮೊದಲೇ ಕೂತು ರಸ ಹಾಳಾಗುತ್ತೆ. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲೂ ರಾತ್ರಿ 15 ಡಿಗ್ರಿಯ ಆಸುಪಾಸು.

ಆ ಚಳಿ ಈಗ ಬ್ರಸೆಲ್ಸಿನಲ್ಲೇ ಕಡಿಮೆಯಾಗ್ತಿದೆ, ನನಗೆ ಸಂಕಟ ಆಗೋದು ಅದಕ್ಕೆ. 1900ರಲ್ಲಿ ಬ್ರೂವರಿ ಶುರು ಮಾಡಿದ ಪಾಲ್ ಕಾಂತಿಯೋಂ ಅವರ ಮರಿಮಗ ಜಾನ್ ವಾನ್ ರಾಯ್ ಈಗ ಅದನ್ನು ನಡೆಸ್ತಿದ್ದಾರೆ. ಅವರ ಅಜ್ಜ ಅಕ್ಟೋಬರ್ ಮಧ್ಯದಿಂದ ಮೇ ತಿಂಗಳವರೆಗೂ ಕುದಿಸ್ತಿದ್ದರಂತೆ, ಇವರಿಗೆ ಒಂದು ವರ್ಷವೂ ಅಷ್ಟು ದಿನ ಸಿಕ್ಕಿಲ್ಲ. 2015ರ ನವೆಂಬರಿನಲ್ಲಿ ರಾತ್ರಿಗಳು ಬೆಚ್ಚಗಿದ್ದವು ಅಂತ ಕೆಲಸವನ್ನೇ ನಿಲ್ಲಿಸಬೇಕಾಯಿತು. ಬೇರೆ ಬ್ರೂವರಿಯಾದರೆ ಕೂಲರ್ ಹಾಕಿಕೊಂಡು ಮುಂದೆ ಹೋಗುತ್ತೆ. ಇಲ್ಲಿ ಹಾಗಾಗಲ್ಲ. ಒಂದು ಚಳಿಗಾಲದಲ್ಲಿ ಕೆಲವು ರಾತ್ರಿ ಕೈತಪ್ಪಿದರೆ, ಮೂರು ವರ್ಷ ಬಿಟ್ಟು ಗ್ಯೂಜ್ ಬೆರೆಸಲು ಕೂತಾಗ ಅಷ್ಟು ಪೀಪಾಯಿ ಕಡಿಮೆ ಇರ್ತವೆ.