ಮೇಷ್ಟ್ರೇ, ಆ 1.5 ಸ್ಪೀಡಿಂದ ಕೈ ತೆಗೀರಿ

ತಿಪಟೂರಿನ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರ ಪತ್ರ ಮೂರು ದಿನದಿಂದ ನನ್ನ ಟೇಬಲ್ ಮೇಲೇ ಇದೆ. ಹೋದ ಸಂಚಿಕೇಲಿ ನಾನು ಬ್ರಿಟನ್ನಿನ 'ಬ್ರಾಡ್‌ಚರ್ಚ್' ಸೀರೀಸ್ ನೋಡಿ ಅಂತ ಬರೆದಿದ್ದೆ, ಸಮುದ್ರ ತೀರದ ಸಣ್ಣ ಊರಲ್ಲಿ ಒಬ್ಬ ಹುಡುಗನ ಕೊಲೆ, ಅದರ ತನಿಖೆ, ಇದೇ ಕತೆ. ಅದಕ್ಕೆ ಅವರು ಹೇಳ್ತಾರೆ: "ಹೆಣ ಶುರುವಿಗೇ ಸಿಕ್ತು, ಆಮೇಲೆ ಬರೀ ಸಮುದ್ರ, ಬಂಡೆ, ಅಳು. ಮೂರನೇ ಎಪಿಸೋಡ್ 1.5 ಸ್ಪೀಡಲ್ಲಿ ಓಡಿಸಿದೆ, ನಾಲ್ಕಕ್ಕೆ ಕೈಬಿಟ್ಟೆ. ಎರಡು ಗಂಟೆ ಸಿನಿಮಾನ ಎಂಟು ಎಪಿಸೋಡ್ ಎಳೆದಿದ್ದಾರೆ. ನಮ್ಮ ಮನೆಯವರು ಮಾತ್ರ ಕಣ್ಣೊರೆಸ್ಕೊಂಡು ನೋಡ್ತಾ ಕೂತಿದ್ರು."

ಮೇಷ್ಟ್ರೇ, ಒಂದು ಮಾತು ನಿಮ್ಮದೇ ಸರಿ. ವಾರಕ್ಕೊಬ್ಬರ ಮೇಲೆ ಅನುಮಾನ ತಿರುಗಿಸೋದು ಸ್ವಲ್ಪ ಅತಿ ಆಯ್ತು, ಸತ್ತ ಹುಡುಗನಿಂದ ಸಂದೇಶ ಬರ್ತಿದೆ ಅನ್ನೋ ಆ ಟೆಲಿಫೋನ್ ಲೈನಿನವನ ಕತೆ ನನಗೂ ಬೇಡ ಅನ್ನಿಸ್ತು. ಉಳಿದದ್ದು ಒಪ್ಪಲ್ಲ.

ಎಳೆಯೋದು ಬೇರೆ, ನಿಧಾನ ಬೇರೆ. ನಮ್ಮ ಸೀರಿಯಲ್ಲುಗಳಲ್ಲಿ ಅತ್ತೆ ಮುಖಕ್ಕೆ ಮೂರು ಸಲ ಝೂಮ್ ಮಾಡಿ ಗುಡುಗು ಹಾಕ್ತಾರಲ್ಲ, ಅದು ಎಳೆಯೋದು. ಇಲ್ಲಿ ಮೊದಲ ಎಪಿಸೋಡಲ್ಲೇ ಹುಡುಗನ ಅಪ್ಪ, ಪ್ಲಂಬರ್ ಮಾರ್ಕ್, ಬೆಳಿಗ್ಗೆ ಪೇಟೆ ಬೀದೀಲಿ ಸಿಕ್ಕಿದವರನ್ನೆಲ್ಲ ಮಾತಾಡಿಸ್ಕೊಂಡು ನಡೀತಾನೆ, ಕಟ್ ಇಲ್ಲದ ಒಂದೇ ಉದ್ದ ಶಾಟ್. ಅಲ್ಲಿ ನಕ್ಕ ಮುಖಗಳನ್ನೇ ಅಲ್ವಾ ಆಮೇಲೆ ನೀವು, ನಾನು ಅನುಮಾನದಿಂದ ನೋಡಿದ್ದು?

ಇನ್ನು ಅಳು. ತಾಯಿ ಬೆತ್ ಟ್ರಾಫಿಕ್ಕಲ್ಲಿ ಕಾರು ಬಿಟ್ಟು ಬೀಚಿಗೆ ಓಡಿ ಬರ್ತಾಳೆ, ಹೆಣಕ್ಕೆ ಬಟ್ಟೆ ಹೊದಿಸಿದ್ದಾರೆ, ಅವಳಿಗೆ ಕಾಣೋದು ಶೂ ಮಾತ್ರ. ಅಷ್ಟು ಸಾಕಾಗತ್ತೆ. ಅದನ್ನ ನೋಡಿ ನನಗೆ ನಮ್ಮೂರು ನೆನಪಾಯ್ತು. ಎದುರುಮನೆ ಹುಡುಗ ಕೆರೇಲಿ ಮುಳುಗಿ ಹೋದಾಗ ನಾನು ಏಳನೇ ಕ್ಲಾಸು. ಅವನ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಜಗಲಿ ಮೇಲೇ ಉಳೀತು, ಎಡಗಾಲಿಂದಕ್ಕೆ ಪಟ್ಟಿ ಕಿತ್ತು ಹೋಗಿ ಪಿನ್ನು ಹಾಕಿದ್ರು. ದಿನಾ ಬೆಳಿಗ್ಗೆ ಅವರಮ್ಮ ಕಸ ಗುಡಿಸುವಾಗ ಅದನ್ನ ಎತ್ತಿ, ಕೆಳಗಿನ ಧೂಳು ಗುಡಿಸಿ, ಮತ್ತೆ ಅದೇ ಜಾಗದಲ್ಲಿ ಜೋಡಿಸಿ ಇಡೋರು. ದೀಪಾವಳಿ ತನಕ ನೋಡಿದೀನಿ. ಈ ಅಮ್ಮನನ್ನ ಎರಡು ಗಂಟೆ ಸಿನಿಮಾದಲ್ಲಿ ಎಲ್ಲಿ ಕೂರಿಸ್ತೀರಿ? ಒಂದು ಸಲ ಕಿರುಚಿಸಿ ಕಳಿಸ್ತೀರಿ, ಆಮೇಲೆ ಪೊಲೀಸರ ಓಡಾಟ.

ನೀವು ಲೆಕ್ಕದ ಮೇಷ್ಟ್ರು. ಸ್ಟೆಪ್ಸ್ ಬಿಟ್ಟು ಬರೀ ಉತ್ತರ ಬರೆದ ಹುಡುಗನಿಗೆ ಪೂರ್ತಿ ಮಾರ್ಕ್ಸ್ ಕೊಟ್ಟಿದೀರಾ ಯಾವತ್ತಾದ್ರೂ?

ಬ್ರಿಟಿಷರು ಮಾಡಿದ್ದು ಅಂತ ಹೊಗಳ್ತಿಲ್ಲ. ಆದ್ರೆ ಬರೆದ ಕ್ರಿಸ್ ಚಿಬ್ನಲ್ ತಾನು ವಾಸ ಇರೋ ಡಾರ್ಸೆಟ್ ಸೀಮೆಯನ್ನೇ ಬರೆದ್ರು, ನಿಮಗೆ ಬೋರಾದ ಆ ಬಂಡೆ ಅಲ್ಲಿನ ವೆಸ್ಟ್ ಬೇ ಅನ್ನೋ ಕಡಲತೀರದ್ದು. 2014ರಲ್ಲಿ ಅಮೆರಿಕದವರು ಇದನ್ನೇ 'ಗ್ರೇಸ್‌ಪಾಯಿಂಟ್' ಅಂತ ಮಾಡಿದ್ರು, ಪತ್ತೇದಾರನ ಪಾತ್ರಕ್ಕೆ ಅದೇ ಡೇವಿಡ್ ಟೆನಂಟ್, ಎಂಟರ ಬದಲು ಹತ್ತು ಎಪಿಸೋಡ್, ಒಂದೇ ಸೀಸನ್ನಿಗೆ ನಿಂತೋಯ್ತು. 'ಬ್ರಾಡ್‌ಚರ್ಚ್' ಮೂರು ಸೀಸನ್ ಬಂತು. 2013ರ ಮಾರ್ಚ್, ಏಪ್ರಿಲ್‌ನಲ್ಲಿ ಬ್ರಿಟನ್ನಿನ ಜನ ಎಂಟು ಸೋಮವಾರ ಕಾದು ನೋಡಿದ್ರು, ನಮ್ಮ ವಾರಪತ್ರಿಕೆ ಧಾರಾವಾಹಿಗಳಿಗೆ ಮನೆಮಂದಿಯೆಲ್ಲ ಕಾಯ್ತಿದ್ದ ಹಾಗೆ.

ನೀವು ನಾಲ್ಕಕ್ಕೇ ಬಿಟ್ಟಿದ್ದಕ್ಕೆ ನನಗೆ ನಿಜಕ್ಕೂ ಬೇಜಾರಾಗಿದ್ದು ಜ್ಯಾಕ್ ಮಾರ್ಷಲ್ ವಿಷಯಕ್ಕೆ. ಪೇಪರ್ ಅಂಗಡಿ ಮುದುಕ. ಪತ್ರಿಕೆಯವರು ಅವನ ಹಳೇ ಕೇಸ್ ಕೆದಕ್ತಾರೆ, ಊರಿಗೆ ಕೊಲೆಗಾರ ಇವತ್ತೇ ಬೇಕು, ಎಲ್ಲ ಅವನ ಮೇಲೆ ತಿರುಗಿಬೀಳ್ತಾರೆ. ಐದನೇ ಎಪಿಸೋಡಲ್ಲಿ ಏನಾಗತ್ತೆ ಹೇಳಲ್ಲ. ಆ ಪಾತ್ರಕ್ಕೆ ಡೇವಿಡ್ ಬ್ರಾಡ್ಲಿಗೆ ಬ್ರಿಟನ್ನಿನ ದೊಡ್ಡ ಪ್ರಶಸ್ತಿ ಬಾಫ್ಟಾ ಬಂತು. ಬೇಗ ಹೇಳ್ರಪ್ಪಾ ಯಾರು ಕೊಂದಿದ್ದು ಅಂತ ಮನೇಲಿ ಕೂತು ನಾವು ಪಡೋ ಅವಸರ ಇದೆಯಲ್ಲ, ಆ ಊರಿನ ಅವಸರವೂ ಅದೇ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯ್ತು ನೆನಪಿದೆಯಾ? ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅಂತ ಹೈದರಾಬಾದ್ ಕಡೆಯಿಂದ ಬಂದವರನ್ನ ಮಕ್ಕಳ ಕಳ್ಳರು ಮಾಡಿದ್ರು, ವಾಟ್ಸಾಪಲ್ಲಿ ಸುದ್ದಿ ಓಡ್ತು, ಜನ ಸೇರಿ ಹೊಡೆದು ಅವರಲ್ಲೊಬ್ಬ ಯುವಕ ಸತ್ತೋದ. ಒಂದರ್ಧ ಗಂಟೆ ತಡೆದು ವಿಚಾರಿಸೋ ವ್ಯವಧಾನ ಯಾರಿಗೂ ಇರಲಿಲ್ಲ.

ನಮ್ಮ ಆಫೀಸಿಗೂ ಈ ಅವಸರ ಬಂದಿದೆ. ಕತೆ ಕಳಿಸೋರು "ಚಿಕ್ಕದಿದೆ ಸಾರ್, ಎರಡೇ ನಿಮಿಷಕ್ಕೆ ಓದಬಹುದು" ಅಂತ ಮೊದಲೇ ಬರೀತಾರೆ, ಅದೇ ದೊಡ್ಡ ಗುಣ ಅನ್ನೋ ಹಾಗೆ. ಎರಡು ನಿಮಿಷದಲ್ಲಿ ಓದಿದ್ದು ಮೂರನೇ ನಿಮಿಷಕ್ಕೆ ಮರೆತೋಗತ್ತೆ, ನಾನು ಅಂಥ ಎಷ್ಟು ಕತೆ ಛಾಪಿಸಿದೀನೋ, ಒಂದೂ ನೆನಪಿಲ್ಲ.

ಫೋನ್ ಒಳಗಡೆ ರೂಮಲ್ಲಿಟ್ಟು ನಾಲ್ಕನೇ ಎಪಿಸೋಡಿಂದ ಮತ್ತೆ ಕೂತ್ಕೊಳ್ಳಿ ಮೇಷ್ಟ್ರೇ. ರಿಮೋಟ್ ನಿಮ್ಮ ಮನೆಯವರ ಕೈಲಿರಲಿ. ಅವರು ಆಗಲೇ ಎಂಟೂ ಮುಗಿಸಿದ್ರೆ ಮುಂದಿನ ಪತ್ರ ಅವರೇ ಬರೀಲಿ, ಎಷ್ಟು ಉದ್ದ ಇದ್ರೂ ಹಾಕ್ತೀನಿ.